ಜಾಮೀನು ಸಿಕ್ಕರೂ ಜೈಲಿನಿಂದ ಬಿಟ್ಟಿಲ್ಲವೆಂದರೆ

ತಮ್ಮನಿಗೆ ಜಾಮೀನಾಗಿ ಹತ್ತು ದಿನ ಕಳೆದರೂ ಜೈಲಿನಿಂದ ಬಿಟ್ಟಿಲ್ಲ ಎಂದಿದ್ದೀರಿ. ಬಹುಶಃ ಬಿಡುಗಡೆ ಆದೇಶವೇ ಜೈಲಿಗೆ ತಲುಪಿಲ್ಲ. ಜಾಮೀನು ಆದೇಶ ಬೇರೆ, ಬಿಡುಗಡೆ ಆದೇಶ ಬೇರೆ. ಬಾಂಡ್ (ಮುಚ್ಚಳಿಕೆ), ಶ್ಯೂರಿಟಿ (ಆರೋಪಿಯ ಪರವಾಗಿ ನಿಲ್ಲುವ ಹೊಣೆಗಾರ) ಕೊಟ್ಟ ಮೇಲೆಯೇ ಎರಡನೆಯದು ಹೊರಡುವುದು.

ಮೊದಲು ಶ್ಯೂರಿಟಿ ಸ್ವೀಕಾರವಾಗಿದೆಯೇ ಎಂದು ವಕೀಲರನ್ನು ಕೇಳಿ. ಆಗಿದ್ದರೆ ಬಿಡುಗಡೆ ಆದೇಶದ ಪ್ರತಿ ತೆಗೆದು ಹೆಸರು, ತಂದೆಯ ಹೆಸರು, ಕ್ರೈಂ ನಂಬರ್ (ಪೊಲೀಸ್ ಠಾಣೆಯ ಕೇಸಿನ ಸಂಖ್ಯೆ) ಸರಿಯಿವೆಯೇ ನೋಡಿ. ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಜೈಲಿನವರು ತಡೆಯುತ್ತಾರೆ, ಅದನ್ನು ಕೋರ್ಟಿನಲ್ಲೇ ತಿದ್ದಿಸಬೇಕು. ಆಮೇಲೆ ಬೇರೆ ಕೇಸಿನ ಬಾಡಿ ವಾರಂಟ್ (ಆ ಕೇಸಿನ ಕೋರ್ಟಿಗೆ ಕೈದಿಯನ್ನು ಹಾಜರುಪಡಿಸಲು ಜೈಲಿಗೆ ಬರುವ ಆದೇಶ) ಇದೆಯೇ ಎಂದು ಜೈಲು ಕಚೇರಿಯಲ್ಲಿ ವಿಚಾರಿಸಿ. ಇದ್ದರೆ ಆ ಕೇಸಿನಲ್ಲೂ ಜಾಮೀನು ಬೇಕಾಗಬಹುದು. ನಿಮ್ಮದು ಇವುಗಳಲ್ಲಿ ಯಾವುದು ಎಂದು ಕಾಗದ ನೋಡದೆ ಹೇಳಲಾಗದು.

ಶ್ಯೂರಿಟಿ ಸಿಗದೆ ನಿಂತಿದ್ದರೆ ದಯವಿಟ್ಟು ಸುಮ್ಮನಿರಬೇಡಿ. 2023ರ ಜನವರಿಯ ಸುಪ್ರೀಂ ಕೋರ್ಟ್ ನಿರ್ದೇಶನದಂತೆ, ಜಾಮೀನಾಗಿ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸುವುದು ಜೈಲು ಅಧೀಕ್ಷಕರ ಕರ್ತವ್ಯ. ತಿಳಿಸಿದ್ದಾರೆಯೇ ಎಂದು ಅವರಿಗೆ ಬರಹದಲ್ಲೇ ಕೇಳಿ, ಸ್ವೀಕೃತಿ ಪಡೆಯಿರಿ. ಪ್ರತಿಯನ್ನು ಪ್ರಾಧಿಕಾರಕ್ಕೂ ಕೊಡಿ, ಸಹಾಯವಾಣಿ 15100. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ತಾನಾಗಿಯೇ ಪರಿಶೀಲಿಸಬಹುದು. ಅಲ್ಲಿಯವರೆಗೆ ಕಾಯದೆ ಈಗಲೇ ವಕೀಲರಿಂದ ಅರ್ಜಿ ಹಾಕಿಸಿ.