ವಿಜಯಪುರ ಬಿಟ್ಟು ಮಡಿಕೇರಿಗೆ ಹೋದ್ರೆ ಸೇಫಾ?

ಪ್ರಶ್ನೆ: ನಮ್ದು ವಿಜಯಪುರ ಕಡೆ ರೀ. ಆಗಾಗ ನೆಲದಾಗಿಂದ ಸಪ್ಪಳ ಬರ್ತದ, ಸಣ್ಣಗ ನಡಗ್ತದ, ಮನ್ಯಾಗ ಎಲ್ಲಾರಿಗೂ ಅಂಜಿಕಿ. ರಿಟೈರ್ ಆದಮ್ಯಾಲ ಮಡಿಕೇರಿ ಹತ್ರ ಸೈಟ್ ತಗೊಂಡು ಮನಿ ಕಟ್ಟಸ್ಬೇಕಂತೀವಿ. ಅಲ್ಲಿ ಸೇಫ್ ಏನ್ರಿ?

ಉತ್ತರ: ಕಣ್ಣು ಮುಚ್ಚಿ ಹೂಂ ಅನ್ನೋಕಾಗಲ್ಲ ಸಾರ್, ಅಲ್ಲಿ ಅಪಾಯದ ಥರಾನೇ ಬೇರೆ. ನಿಮ್ಮ ಕಡೆ ನಡುಕ ಹೆಚ್ಚಾಗಿ ಸಣ್ಣದು, ಆದ್ರೂ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಆದ ಭೂಕಂಪವನ್ನ ಮರೆಯೋ ಹಾಗಿಲ್ಲ, ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಭಾರದ ಮಣ್ಣಿನ ಮಾಳಿಗೆ ಮಲಗಿದ್ದವರ ಮೇಲೇ ಕುಸಿದಿದ್ದಕ್ಕೇ ಅಷ್ಟೊಂದು ಜನ ಹೋದ್ರು. ಊರಲ್ಲೇ ಪಿಲ್ಲರ್, ಲಿಂಟಲ್ ಸರಿಯಾಗಿ ಹಾಕಿ ಗಟ್ಟಿ ಮನೆ ಕಟ್ಟಿಸಿದ್ರೆ ಭಯ ಎಷ್ಟೋ ಕಮ್ಮಿ.

ಕೊಡಗಲ್ಲಿ ನೋಡ್ಬೇಕಾಗಿರೋದು ಮಳೆ ಮತ್ತೆ ಇಳಿಜಾರು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರೀಲಿ ಗುಡ್ಡ ಜಾರಿ ಜೀವ ಹೋದ್ವು. ದಿನಗಟ್ಟಲೆ ಮಳೆ ಹೊಡೆದು ಮಣ್ಣು ನೀರು ಕುಡಿದು ಭಾರ ಆಗಿರುತ್ತೆ, ಅದರ ಬುಡವನ್ನೇ ರೋಡಿಗೋ ಹೋಂಸ್ಟೇಗೋ ಅಂತ ಜೆಸಿಬಿಯಲ್ಲಿ ಕೊರೆದುಬಿಟ್ರೆ ಹಿಡ್ಕೊಳ್ಳೋಕೆ ಏನಿರುತ್ತೆ ಹೇಳಿ, ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಅದೇ ಜಿಲ್ಲೆಯ ಕುಶಾಲನಗರ ಸಮತಟ್ಟು, ಗುಡ್ಡದ ಭಯ ಕಮ್ಮಿ, ಆದ್ರೆ ಅಲ್ಲಿ ಕಾವೇರಿ ಉಕ್ಕಿ ಲೇಔಟ್‌ಗಳಿಗೆ ನೀರು ನುಗ್ಗಿದೆ.

ಹಾಗಾಗಿ ಸೈಟನ್ನ ಬೇಸಿಗೇಲಿ ನೋಡಿ ಅಡ್ವಾನ್ಸ್ ಕೊಡ್ಬೇಡಿ. ಜುಲೈ, ಆಗಸ್ಟಲ್ಲಿ ಹೋಗಿ, ನೀರು ಎಲ್ಲಿ ಹರಿಯುತ್ತೆ, ಹಿಂದಿನ ಗುಡ್ಡ ಕಡಿದಿದ್ದಾರಾ, ನೆಲದಲ್ಲಿ ಬಿರುಕಿದೆಯಾ, ಮರಗಳು ವಾಲಿವೆಯಾ ನೋಡಿ, ಅಕ್ಕಪಕ್ಕದ ಹಿರಿಯರನ್ನ ಕೇಳಿ. ತೋಡು, ಅಂದ್ರೆ ಸಣ್ಣ ಹಳ್ಳ, ಅದನ್ನ ಮಣ್ಣು ತುಂಬಿಸಿ ಮಾಡಿದ ಸೈಟ್ ಆದ್ರೆ ಎಷ್ಟೇ ಚೀಪಾಗಿ ಸಿಕ್ಕಿದ್ರೂ ಬೇಡ ಸಾರ್.