ಹೊಗೆ ಬಂದರೂ ಓಡುತ್ತಿರುವ ಬಿಬಿಸಿ ಮೈಕ್ರೋ

ಪ್ರಶ್ನೆ: ಶಾಲೆಯೊಂದರ ಹಳೇ ಸಾಮಾನಿನ ಹರಾಜಿನಲ್ಲಿ 1980ರ ದಶಕದ ಬ್ರಿಟಿಷ್ ಕಂಪ್ಯೂಟರ್ ಬಿಬಿಸಿ ಮೈಕ್ರೋ ಮಾಡೆಲ್ ಬಿ ಸಿಕ್ಕಿತು. ಆನ್ ಮಾಡಿದಾಗ ಚೆನ್ನಾಗೇ ಇತ್ತು. ಕಾಲು ಗಂಟೆಯಲ್ಲಿ ಒಳಗೆ ‘ಪಟ್’ ಅಂದು ದಟ್ಟ ಬಿಳಿ ಹೊಗೆ ಬಂತು, ಕೋಣೆಯೆಲ್ಲ ನಾತ. ಆದರೂ ನಾನು ಪ್ಲಗ್ ಕೀಳುವವರೆಗೆ ಪರದೆಯ ಮೇಲೆ ಬೇಸಿಕ್ (ಅದರ ಪ್ರೋಗ್ರಾಮಿಂಗ್ ಭಾಷೆ) ಹಾಗೇ ಇತ್ತು. ಪವರ್ ಸಪ್ಲೈ ಎಸೆದು, ಮಗ ಹೇಳುವಂತೆ 5 ವೋಲ್ಟ್‌ನ ಮೊಬೈಲ್ ಚಾರ್ಜರ್ ಜೋಡಿಸಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಎಸೆಯಬೇಡಿ, ಚಾರ್ಜರೂ ಬೇಡ. ಈ ಯಂತ್ರದ ಪವರ್ ಸಪ್ಲೈ 5 ವೋಲ್ಟ್‌ನಲ್ಲಿ 3.75 ಆಂಪಿಯರ್‌ವರೆಗೆ ಕೊಡುತ್ತದೆ. ಸಾಮಾನ್ಯ ಚಾರ್ಜರ್‌ಗೆ ಅಷ್ಟು ತಾಕತ್ತಿಲ್ಲ. ಜೊತೆಗೆ ಬೋರ್ಡ್‌ಗೆ ಮೈನಸ್ 5 ವೋಲ್ಟ್ ಕೂಡ ಬೇಕು. ಅದಿಲ್ಲದೆ ಸೀರಿಯಲ್ ಪೋರ್ಟ್ (ಬೇರೆ ಉಪಕರಣದ ಜೊತೆ ಮಾಹಿತಿ ಹಂಚುವ ಕಿಂಡಿ) ಕೆಲಸ ಮಾಡುವುದಿಲ್ಲ.

ಹೊಗೆ ಬಂದದ್ದು ಬಹುಪಾಲು ಫಿಲ್ಟರ್ ಕೆಪಾಸಿಟರ್‌ನಿಂದ. ಕರೆಂಟ್ ಒಳಗೆ ಬರುವಲ್ಲೇ ಫೇಸ್‌ಗೂ ನ್ಯೂಟ್ರಲ್‌ಗೂ ಅಡ್ಡಲಾಗಿ ಕೂತಿರುವ, ಹಳದಿ-ಕಂದು ಬಣ್ಣದ, ಗಾಜಿನಂಥ ಮೈಯ ಡಬ್ಬಿಗಳಿವು. ಒಳಗೆ ಲೋಹ ಲೇಪಿಸಿದ ಕಾಗದದ ಸುರುಳಿ ಇರುತ್ತದೆ. ನಾಲ್ಕು ದಶಕದಲ್ಲಿ ಮೇಲ್ಮೈ ಸಣ್ಣಗೆ ಬಿರುಕು ಬಿಟ್ಟು, ಕಾಗದ ತೇವ ಹೀರಿಕೊಳ್ಳುತ್ತದೆ. 1984ರ ಕೇಂದ್ರ ಸರ್ಕಾರದ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಬಿಬಿಸಿ ಮೈಕ್ರೋ ನಮ್ಮ ಶಾಲೆಗಳಿಗೆ ಬಂದಿತ್ತು. ಅಂಥ ಯಂತ್ರವೊಂದು ಮಲೆನಾಡಿನ ಮಳೆಗಾಲಗಳನ್ನು ಬೀರುವಿನಲ್ಲೇ ಕಳೆದಿದ್ದರೆ ಕೇಳುವುದೇ ಬೇಡ.

ಈ ಕೆಪಾಸಿಟರ್‌ನ ಕೆಲಸ ವಿದ್ಯುತ್ ಗದ್ದಲ ತಡೆಯುವುದಷ್ಟೇ. ಹಾಗಾಗಿ ಅದು ಸುಟ್ಟರೂ ಕಂಪ್ಯೂಟರ್ ಓಡುತ್ತಲೇ ಇರಬಹುದು. ಹಾಗಂತ ಮತ್ತೆ ಆನ್ ಮಾಡಬೇಡಿ, ಅರ್ಧ ಸುಟ್ಟ ಭಾಗ ಶಾರ್ಟ್ ಆಗಬಹುದು.

ಪವರ್ ಸಪ್ಲೈ ಬಿಚ್ಚುವ ಮುನ್ನ ಪ್ಲಗ್ ಕಿತ್ತು ಬಹಳ ಹೊತ್ತು ಬಿಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಆಸುಪಾಸು ಡಿಸಿ ಇರುತ್ತದೆ. ಅದು ಇಳಿದಿದೆಯೆಂದು ಮಲ್ಟಿಮೀಟರ್‌ನಲ್ಲಿ ನೋಡದೆ ಬೆರಳು ಹಾಕಬಾರದು. ಕೈಗೆ ಅಭ್ಯಾಸವಿಲ್ಲದಿದ್ದರೆ ಎಸ್‌ಎಂಪಿಎಸ್ (ಈ ಬಗೆಯ ಪವರ್ ಸಪ್ಲೈ) ರಿಪೇರಿ ಮಾಡುವ ಟಿವಿ ಮೆಕ್ಯಾನಿಕ್‌ಗೆ ಕೊಡಿ.

ಈ ಯಂತ್ರದಲ್ಲಿರುವ ಆಸ್ಟೆಕ್ ಕಂಪನಿಯ ಸಪ್ಲೈನಲ್ಲಿ ಇಂಥ ಫಿಲ್ಟರ್ ಕೆಪಾಸಿಟರ್ ಎರಡು, 0.1 ಮತ್ತು 0.01 ಮೈಕ್ರೋಫ್ಯಾರಡ್. ಒಂದೇ ಸುಟ್ಟಿದ್ದರೂ ಎರಡನ್ನೂ ಬದಲಿಸಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳುವಾಗ ‘ಎಕ್ಸ್2, 275 ವೋಲ್ಟ್ ಎಸಿ, ಪಾಲಿಪ್ರೊಪಿಲೀನ್’ ಎನ್ನಿ; ಎಕ್ಸ್2 ಎಂದರೆ ಮೇನ್ಸ್ (ಮನೆಯ ಕರೆಂಟ್) ಮೇಲೆ ನೇರ ಕೂರಲೆಂದೇ ಮಾಡಿದ ದರ್ಜೆ. ‘400 ವೋಲ್ಟ್ ಇದೆ, ಇದೇ ಹಾಕಿ’ ಎಂದು ಮಾಮೂಲಿ ಡಿಸಿ ಕೆಪಾಸಿಟರ್ ಕೊಟ್ಟರೆ ವಾಪಸ್ ಕೊಡಿ, ಮೇನ್ಸ್‌ಗೆ ಅದು ತಕ್ಕದ್ದಲ್ಲ. ಹಳತರ ಕಾಲುಗಳ ಅಂತರ ಅಳೆದುಕೊಂಡೇ ಅಂಗಡಿಗೆ ಹೋಗಿ.

ಬದಲಿಸಿದ ಮೇಲೆ ಮೊದಲ ಸಲ ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯಲ್ಲೇ ಜೋಡಿಸಿದ ಬಲ್ಬ್) ಮೂಲಕ ಆನ್ ಮಾಡಿ. 100 ವಾಟ್‌ನ ಹಳೇ ಕಾಲದ ತಂತಿ ಬಲ್ಬೇ ಬೇಕು, ಎಲ್‌ಇಡಿ ಆಗದು. ಒಮ್ಮೆ ಮಿನುಗಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.

ಪ್ರಶ್ನೆ: ನನ್ನ ಬಿಬಿಸಿ ಮೈಕ್ರೋದಲ್ಲಿ ಹೊಗೆ ಇಲ್ಲ, ವಾಸನೆ ಇಲ್ಲ. ಆನ್ ಮಾಡಿದರೆ ‘ಪೀ’ ಎಂಬ ಒಂದೇ ಸದ್ದು, ನಿಲ್ಲುವುದೇ ಇಲ್ಲ. ಪರದೆ ಖಾಲಿ.
– ಓದುಗರು, ಧಾರವಾಡ

ಉತ್ತರ: ನನಗೆ ಹೊಗೆಗಿಂತ ಇದೇ ಹೆಚ್ಚು ಚಿಂತೆಯ ಲಕ್ಷಣ. ಸೌಂಡ್ ಚಿಪ್ ಕರೆಂಟ್ ಬಂದ ಕೂಡಲೇ ಕೂಗತೊಡಗುತ್ತದೆ, ಪ್ರೊಸೆಸರ್ ಎದ್ದು ಅದನ್ನು ಸುಮ್ಮನಾಗಿಸುತ್ತದೆ. ಸದ್ದು ನಿಲ್ಲದಿದ್ದರೆ ಪ್ರೊಸೆಸರ್ ಎದ್ದೇ ಇಲ್ಲ ಎಂದರ್ಥ. ಮೊದಲ ಅನುಮಾನ 5 ವೋಲ್ಟ್ ಮೇಲೆ.

ಸಪ್ಲೈನಿಂದ ಬೋರ್ಡ್‌ಗೆ ಏಳು ವೈರ್ ಬರುತ್ತವೆ: ಮೂರು 5 ವೋಲ್ಟ್‌ಗೆ, ಮೂರು ಸೊನ್ನೆ ವೋಲ್ಟ್ (ಗ್ರೌಂಡ್) ಗೆ, ಒಂದು ಮೈನಸ್ 5ಕ್ಕೆ. ಯಂತ್ರ ಆನ್ ಇರುವಾಗ ಬೋರ್ಡ್‌ನ ಮೇಲೇ ಅಳೆಯಿರಿ. 4.75ರಿಂದ 5.25ರೊಳಗೆ ಇರಬೇಕು. ಸಪ್ಲೈ ತುದಿಯಲ್ಲಿ 5 ಇದ್ದು ಬೋರ್ಡ್‌ನಲ್ಲಿ 4.5ಕ್ಕೆ ಇಳಿದಿದ್ದರೆ ತಪ್ಪು ಸಪ್ಲೈನದ್ದಲ್ಲ, ತುಕ್ಕು ಹಿಡಿದ, ಚಪ್ಪಟೆ ತುದಿಯ ಸ್ಪೇಡ್ ಕನೆಕ್ಟರ್‌ಗಳದ್ದು. ಪ್ಲಗ್ ಕಿತ್ತು, ಒಂದೊಂದಾಗಿ ತೆಗೆದು ಉಜ್ಜಿ, ಅದದರ ಜಾಗಕ್ಕೇ ಹಾಕಿ. ಅದಲುಬದಲಾದರೆ ಚಿಪ್‌ಗಳು ಉಳಿಯುವುದಿಲ್ಲ.

ಎರಡೂ ಕಡೆ ಕಡಿಮೆಯಿದ್ದರೆ ಅಡಿಯ ಪವರ್ ಸಾಕೆಟ್‌ಗೆ ಡಿಸ್ಕ್ ಡ್ರೈವ್ ಚುಚ್ಚಿದೆಯೇ ನೋಡಿ, ಕಿತ್ತು ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ಸಪ್ಲೈಯನ್ನು ಬೋರ್ಡ್‌ನಿಂದ ಬಿಡಿಸಿ, 5 ವೋಲ್ಟ್‌ಗೆ 4.7 ಓಮ್, 10 ವಾಟ್ ರೆಸಿಸ್ಟರ್ ಹಾಕಿ ಪರೀಕ್ಷಿಸಿ. ಹೊರೆಯಿಲ್ಲದೆ ಅಳೆದ ಅಂಕಿಯನ್ನು ನಂಬುವಂತಿಲ್ಲ. ರೆಸಿಸ್ಟರ್ ಚೆನ್ನಾಗಿ ಬಿಸಿಯಾಗುತ್ತದೆ, ಮೇಜಿನ ಮೇಲೆ ನೇರವಾಗಿ ಇಡಬೇಡಿ. ಈ ಹೊರೆಯಲ್ಲೂ ಏಳದಿದ್ದರೆ ಒಳಗಿನ 220 ಮೈಕ್ರೋಫ್ಯಾರಡ್‌ನ ಚಿಕ್ಕ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೊದಲು ಬದಲಿಸಿ.

ವೋಲ್ಟೇಜ್ 5.25 ದಾಟಿದ್ದರೆ ಆ ಸಪ್ಲೈಯನ್ನು ಬೋರ್ಡ್‌ಗೆ ಮತ್ತೆ ಜೋಡಿಸಲೇಬೇಡಿ. ಎಲ್ಲ ಕಡೆಯೂ ಸರಿಯಾಗಿ 5 ಸಿಕ್ಕಿಯೂ ಕೂಗು ನಿಲ್ಲದಿದ್ದರೆ ಸಪ್ಲೈ ಬಿಟ್ಟುಬಿಡಿ, ಸಾಕೆಟ್‌ನಲ್ಲಿರುವ ರಾಮ್, ರೋಮ್, ಪ್ರೊಸೆಸರ್ ಚಿಪ್‌ಗಳನ್ನು ಎತ್ತಿ ಮತ್ತೆ ಕೂರಿಸಿ ನೋಡಿ.