ಫಿಟ್ಸ್ ಮಾತ್ರೆ ಶುರುವಾದ ಮೇಲೆ: ತೂಕಡಿಕೆ, ಸಿಟ್ಟು, ಎರಡಾಗಿ ಕಾಣುವ ಅಕ್ಷರ

ಪ್ರಶ್ನೆ: ನನಗೆ 28 ವರ್ಷ. ಪೀಣ್ಯದಲ್ಲಿ ಶಿಫ್ಟ್ ಕೆಲಸ. ಎರಡು ಸಲ ಫಿಟ್ಸ್ ಬಂದ ಮೇಲೆ ಎಪಿಲೆಪ್ಸಿ ಎಂದರು. ಮೂರು ವಾರದಿಂದ ಲೆವೆಟಿರಾಸೆಟಮ್ 500 ಮಿ.ಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಳ್ತಿದ್ದೇನೆ. ಫಿಟ್ಸ್ ಮತ್ತೆ ಬಂದಿಲ್ಲ. ಆದರೆ ಹಗಲೆಲ್ಲ ತೂಕಡಿಕೆ, ಮನೆಯಲ್ಲಿ ಸಣ್ಣ ಮಾತಿಗೂ ರೇಗುತ್ತೇನೆ. ಬೆಳಗಿನ ಮಾತ್ರೆ ಬಿಟ್ಟರೆ ನಡೆಯುತ್ತದೆಯೇ?

ಉತ್ತರ: ಬಿಡಬೇಡಿ. ಕಾರಣ ಲೆಕ್ಕದಲ್ಲೇ ಇದೆ. ಈ ಔಷಧದ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 6ರಿಂದ 8 ಗಂಟೆ ಸಾಕು. ರಾತ್ರಿ 9ಕ್ಕೆ ನುಂಗಿದ್ದರಲ್ಲಿ ಮಾರನೆಯ ದಿನ ಸಂಜೆ 5ರ ಹೊತ್ತಿಗೆ ಹತ್ತರಲ್ಲಿ ಒಂದೆರಡು ಪಾಲು ಉಳಿದಿರುತ್ತದೆ, ಅಷ್ಟೆ. ಅಂದರೆ ಬೆಳಗಿನ ಮಾತ್ರೆ ಬಿಟ್ಟ ದಿನ, ನೀವು ಮಷೀನ್ ಮುಂದೆ ನಿಂತಿರುವಾಗಲೇ ರಕ್ಷಣೆ ಇಲ್ಲದಂತಾಗುತ್ತದೆ.

ತೂಕಡಿಕೆ, ಸಿಟ್ಟು ಎರಡೂ ಒಂದೇ ಮಾತ್ರೆಯಿಂದ ಬಂದರೂ ಎರಡರ ದಾರಿ ಬೇರೆ ಬೇರೆ. ತೂಕಡಿಕೆ ಮೊದಲ ನಾಲ್ಕು ವಾರಗಳಲ್ಲಿ ಮತ್ತು ಡೋಸ್ ಏರಿಸಿದಾಗ ಜಾಸ್ತಿ. ಹೆಚ್ಚಿನವರಿಗೆ ಆಮೇಲೆ ತಾನಾಗಿ ತಗ್ಗುತ್ತದೆ. ಸಿಟ್ಟಿನ ವಿಷಯ ಹಾಗಲ್ಲ. ಕಾದರೆ ಹೋಗುತ್ತದೆ ಎಂದು ನಂಬಿ ಆರು ತಿಂಗಳು ಮನೆಯವರೆಲ್ಲ ಸಹಿಸಿಕೊಂಡಿರಬೇಕಾಗಿಲ್ಲ. ಇದು ನಿಮ್ಮ ಸ್ವಭಾವವೂ ಅಲ್ಲ, 'ಫಿಟ್ಸ್ ಬಂದವರು ಹೀಗೇ' ಎಂಬ ಮಾತಿಗೂ ಅರ್ಥವಿಲ್ಲ. ಲೆವೆಟಿರಾಸೆಟಮ್‌ಗೆ ಇರುವ ಗೊತ್ತಿರುವ ಅಡ್ಡಪರಿಣಾಮ.

ಮುಂದಿನ ಭೇಟಿಗೆ ಮುಂಚೆ ಹತ್ತು ದಿನ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಎಳೆಯಿರಿ: ಮಾತ್ರೆ ನುಂಗಿದ ಗಂಟೆ, ಹಿಂದಿನ ರಾತ್ರಿ ಎಷ್ಟು ನಿದ್ದೆ, ತೂಕಡಿಕೆ ಎಷ್ಟರಿಂದ ಎಷ್ಟರವರೆಗೆ, ಸಿಟ್ಟು ಬಂದದ್ದು ಯಾವಾಗ. ಕೊನೆಯ ಕಲಂ ನೀವು ತುಂಬಬೇಡಿ, ಮನೆಯವರೇ ತುಂಬಲಿ. ರೇಗುವವರಿಗೆ ತಾವು ರೇಗಿದ್ದು ಅರ್ಧಕ್ಕರ್ಧ ನೆನಪೇ ಇರುವುದಿಲ್ಲ! ಮಾತ್ರೆ ನುಂಗಿದ ಒಂದೆರಡು ಗಂಟೆಗೆ ತೂಕಡಿಕೆ ಬಂದು ಇಳಿಯುತ್ತಿದ್ದರೆ ಅದು ಡೋಸಿನ ಏರಿಳಿತ. ಡಾಕ್ಟರು ಬೆಳಿಗ್ಗೆ ಕಡಿಮೆ, ರಾತ್ರಿ ಹೆಚ್ಚು ಎಂದು ಹಂಚಬಹುದು, ಇಲ್ಲವೇ ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಬಹುದು. ದಿನವಿಡೀ ಒಂದೇ ಸಮ ಮಂಪರಾದರೆ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಈ ಔಷಧ ಹೆಚ್ಚಾಗಿ ಮೂತ್ರದಲ್ಲೇ ಹೊರಹೋಗುವುದರಿಂದ, ಕಿಡ್ನಿ ನಿಧಾನವಿದ್ದರೆ ಅದೇ 500 ಮಿ.ಗ್ರಾಂ. ಹೆಚ್ಚಾಗಿಬಿಡುತ್ತದೆ. ಸಿಟ್ಟು ಜೋರಾಗಿದ್ದರೆ ಲ್ಯಾಮೊಟ್ರಿಜಿನ್, ಬ್ರಿವರಾಸೆಟಮ್‌ನಂಥ ಬದಲಿಗಳಿವೆ. ಲ್ಯಾಮೊಟ್ರಿಜಿನ್ ಆದರೆ ಹೊಸದನ್ನು ಹಚ್ಚುತ್ತಾ ಹಳೆಯದನ್ನು ಇಳಿಸುತ್ತಾ ಹೋಗಬೇಕು. ಅದು 25 ಮಿ.ಗ್ರಾಂ.ನಿಂದ ಎರಡೆರಡು ವಾರಕ್ಕೊಮ್ಮೆ ಏರಿಸುವಂಥದ್ದು, ಅವಸರ ಮಾಡಿದರೆ ಮೈಮೇಲೆ ಅಪಾಯಕಾರಿ ದದ್ದು ಏಳಬಹುದು. ಅಷ್ಟು ತಾಳ್ಮೆ ಬೇಕು. ಬಿ6 ವಿಟಮಿನ್ ಸಿಟ್ಟಿಗೆ ಒಳ್ಳೆಯದು ಎಂದು ಯಾರಾದರೂ ಹೇಳಿರಬಹುದು. ಕೆಲವು ಡಾಕ್ಟರು ಬರೆಯುತ್ತಾರೆ, ಪುರಾವೆ ತೆಳು. ನೀವೇ ಅಂಗಡಿಯಿಂದ ತಂದು ಹೆಚ್ಚು ಡೋಸ್ ನುಂಗಿದರೆ ನರಗಳಿಗೇ ಪೆಟ್ಟು.

ಬದುಕೇ ಬೇಡ ಎನ್ನಿಸಿದರೆ, ಇಲ್ಲದ ದನಿ ಕೇಳಿಸಿದರೆ ಹತ್ತು ದಿನದ ನೋಟ್‌ಬುಕ್ಕಿಗೆ ಕಾಯಬೇಡಿ. ಅಂದೇ ಡಾಕ್ಟರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮೆಡಿಕಲ್ ಶಾಪಿನ ವಿಷಯ. ನಿದ್ದೆ ತರಿಸುವ ಶೀತದ ಮಾತ್ರೆ ಈಗಿನ ತೂಕಡಿಕೆಯನ್ನು ದುಪ್ಪಟ್ಟು ಮಾಡುತ್ತದೆ. ಭೇದಿ ಎಂದ ಕೂಡಲೇ ಕೌಂಟರಿನಲ್ಲಿ ಎತ್ತಿಕೊಡುವ ಆಫ್ಲಾಕ್ಸಸಿನ್ ಇರುವ ಮಾತ್ರೆ, ನೋವಿಗೆ ಕೊಡುವ ಟ್ರಮಡಾಲ್ — ಇವು ಫಿಟ್ಸ್ ಕೆರಳಿಸಬಲ್ಲವು. 'ನನಗೆ ಫಿಟ್ಸ್ ಇದೆ' ಎಂದು ಮೊದಲೇ ಹೇಳಿ. ನಾಚಿಕೆಪಡುವ ಜಾಗ ಅದಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುವುದರಿಂದ ನೈಟ್ ಶಿಫ್ಟ್ ತಪ್ಪಿಸಲು ಡಾಕ್ಟರಿಂದ ಪತ್ರ ಬರೆಸಿಕೊಳ್ಳಿ. ಬೈಕ್ ಸದ್ಯಕ್ಕೆ ಬೇಡ. ಲೈಸೆನ್ಸಿನ ಫಾರಂ 1ರಲ್ಲಿ ಎಪಿಲೆಪ್ಸಿ ಇದೆಯೇ ಎಂಬ ಪ್ರಶ್ನೆಯೇ ಇದೆ. ಪೀಣ್ಯಕ್ಕೆ ಮೆಟ್ರೊ ಇದೆಯಲ್ಲ.

ಪ್ರಶ್ನೆ: ಪಿಯುಸಿ ಓದುವ ಮಗಳಿಗೆ ಕಾರ್ಬಮಜೆಪಿನ್ ಕೊಟ್ಟಿದ್ದಾರೆ. ಮಾತ್ರೆ ನುಂಗಿ ಕಾಲೇಜಿಗೆ ಹೋದರೆ ಹತ್ತು–ಹನ್ನೊಂದರ ಹೊತ್ತಿಗೆ ಬೋರ್ಡಿನ ಮೇಲಿನ ಅಕ್ಷರ ಎರಡೆರಡಾಗಿ ಕಾಣುತ್ತಂತೆ. ಕಣ್ಣಿನ ಡಾಕ್ಟರಿಗೆ ತೋರಿಸಬೇಕೇ?

ಉತ್ತರ: ಮೊದಲು ಮಾತ್ರೆ ಬರೆದ ಡಾಕ್ಟರಿಗೆ ಹೇಳಿ. ಪ್ರತಿದಿನ ಮಾತ್ರೆಯ ನಂತರ ಅದೇ ಹೊತ್ತಿಗೆ ಬಂದು ಹೋಗುವ ಎರಡು ನೋಟ, ಜೊತೆಗೆ ತೇಲಿದಂತಾಗುವ ನಡಿಗೆ — ಇವು ರಕ್ತದಲ್ಲಿ ಔಷಧ ತುತ್ತತುದಿಗೆ ಏರಿದ್ದರ ಗುರುತು. ಸಿಆರ್ ಎಂದು ಬರೆದಿರುವ, ನಿಧಾನಕ್ಕೆ ಕರಗುವ ಮಾತ್ರೆಗೆ ಬದಲಿಸಿದರೆ ಬಹಳ ಸಲ ಸರಿಹೋಗುತ್ತದೆ. ಅದನ್ನು ಕುಟ್ಟಿ ಪುಡಿ ಮಾಡಿ ಕೊಡಬಾರದು. ಪುಡಿಯಾದರೆ ಮಾತ್ರೆಯಲ್ಲಿರುವ ಔಷಧವೆಲ್ಲ ಒಂದೇ ಏಟಿಗೆ ಒಳಗಿಳಿದು ಮತ್ತೆ ಅದೇ ಕಥೆ. ಮೊದಲ ಕೆಲವು ವಾರಗಳಲ್ಲಿ ಲಿವರ್ ಈ ಔಷಧವನ್ನು ಬೇಗ ಬೇಗ ಕರಗಿಸಲು ಕಲಿಯುವುದರಿಂದ ಪ್ರಮಾಣ ತಾನಾಗಿ ಇಳಿಯುವುದೂ ಉಂಟು. ಹಾಗಾಗಿ ಡಾಕ್ಟರು ಆಮೇಲೆ ಡೋಸ್ ಏರಿಸಿದರೆ ಗಾಬರಿಯಾಗಬೇಡಿ. ತಲೆನೋವು, ವಾಕರಿಕೆ, ಗೊಂದಲ ಶುರುವಾದರೆ ರಕ್ತದ ಸೋಡಿಯಂ ನೋಡಿಸಿ.

ದೇವನಹಳ್ಳಿ ಚಕ್ಕೋತ ಸದ್ಯಕ್ಕೆ ಬೇಡ. ಅದರ ಹತ್ತಿರದ ನೆಂಟ ಗ್ರೇಪ್‌ಫ್ರೂಟ್‌ನ ರಸ ಕಾರ್ಬಮಜೆಪಿನ್ ಪ್ರಮಾಣವನ್ನು ಏರಿಸುತ್ತದೆ, ಚಕ್ಕೋತದಲ್ಲೂ ಅದೇ ಬಗೆಯ ಅಂಶಗಳಿವೆ.

ಒಂದು ಮಾತ್ರ ಕಾಯುವಂಥದ್ದಲ್ಲ: ದದ್ದು. ಮೊದಲ ಎರಡು–ಮೂರು ತಿಂಗಳಲ್ಲಿ ಮೈಮೇಲೆ ದದ್ದು ಎದ್ದು, ಜೊತೆಗೆ ಜ್ವರ, ಬಾಯಿಹುಣ್ಣು, ಕೆಂಪು ಕಣ್ಣು ಅಥವಾ ಉರಿಯುವ, ಸುಲಿಯುವ ಚರ್ಮ ಕಂಡರೆ ಮುಂದಿನ ಮಾತ್ರೆ ನುಂಗುವ ಮೊದಲೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮಾತ್ರೆಯ ಪಟ್ಟಿಯೂ ಕೈಯಲ್ಲಿರಲಿ. ಏಷ್ಯಾ ಮೂಲದವರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಈ ಅಲರ್ಜಿಯ ಒಲವು ಹೆಚ್ಚು.

ಪ್ರಶ್ನೆ: ಅತ್ತೆಗೆ ಫಿಟ್ಸ್ ಮಾತ್ರೆ ದಿನಕ್ಕೆರಡು. ಏಕಾದಶಿ ದಿನ ಉಪವಾಸ ಎಂದು ನುಂಗುವುದಿಲ್ಲ, ಮಾರನೆಯ ದಿನ ಎರಡೆರಡು ನುಂಗುತ್ತಾರೆ. ಸರಿಯೇ?

ಉತ್ತರ: ಎರಡೂ ತಪ್ಪು. ಬಿಟ್ಟ ದಿನ ಫಿಟ್ಸ್ ಬರಬಹುದು, ಎರಡೆರಡು ನುಂಗಿದ ದಿನ ತಲೆಸುತ್ತಿ ಬೀಳಬಹುದು. ದಿನಕ್ಕೆರಡರ ಮಾತ್ರೆ ಮರೆತರೆ, ಆರು ಗಂಟೆಯೊಳಗೆ ನೆನಪಾದಾಗ ನುಂಗಬೇಕು. ಅದಕ್ಕಿಂತ ತಡವಾದರೆ ಅದನ್ನು ಬಿಟ್ಟು ಮುಂದಿನದನ್ನು ಹೊತ್ತಿಗೆ ಸರಿಯಾಗಿ ಒಂದೇ ನುಂಗಬೇಕು. ಉಪವಾಸಕ್ಕೆ ಮಾತ್ರೆ ಅಡ್ಡಬರುವುದಿಲ್ಲ, ನೀರಿನ ಜೊತೆ ಆಗುತ್ತದೆ. ಬರಿಹೊಟ್ಟೆಗೆ ಉರಿ ಬರುವ ಮಾತ್ರೆಯಾದರೆ ಫಲಾಹಾರದ ಹೊತ್ತಿಗೆ ಹೊಂದಿಸಿ. ನಿರ್ಜಲ ಏಕಾದಶಿಯಾದರೂ ಮಾತ್ರೆಗೆ ಬೇಕಾದ ಅರ್ಧ ಲೋಟ ನೀರು ಬಿಡುವಂತಿಲ್ಲ, ದ್ವಾದಶಿ ಪಾರಣೆವರೆಗೆ ಕಾಯುವಂತಿಲ್ಲ.